ಬೆರಗಿನ ಶಾಸ್ತ್ರ

ನಮ್ಮೂರಿನಲ್ಲಿ "ಗೊತ್ತಿಲ್ಲ" ಅನ್ನುವವರಿಗೆ ಮರ್ಯಾದೆ ಜಾಸ್ತಿ. ಬೇರೆ ಊರಿನವರು ಇದನ್ನು ಕೇಳಿ ನಗುತ್ತಾರೆ. ನಗಲಿ, ಹಲ್ಲು ಅವರದು. ಕೆಲಸ ಸಿಕ್ಕಿ ಈ ದೊಡ್ಡ ಊರಿಗೆ ಬಂದ ಹೊಸದರಲ್ಲಿ ಮನೆ ಓನರಮ್ಮ ಏನೇ ಕೇಳಿದರೂ ನಾನು ತಲೆಯೆತ್ತಿ ಠೀವಿಯಿಂದ "ಗೊತ್ತಿಲ್ಲಮ್ಮ" ಅನ್ನುತ್ತಿದ್ದೆ. ಅವರು ನನ್ನನ್ನು ಶುದ್ಧ ಮೊದ್ದು ಅಂತ ತೀರ್ಮಾನಿಸಿಬಿಟ್ಟರು. ನಮ್ಮೂರಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟಿರುತ್ತಿದ್ದರು.

ವಿಷಯ ಇಷ್ಟೇ. ಹೊಟ್ಟೆಗೆ ಬಟ್ಟೆಗೆ ಬೇಕಾದದ್ದೆಲ್ಲ ನಮ್ಮೂರಿನಲ್ಲೂ ಎಲ್ಲರ ಕಣ್ಣೆದುರೇ ಆಗುತ್ತಿತ್ತು. ಅಕ್ಕಿ ಬೇಯುತ್ತಿತ್ತು, ಹಾಲು ಹೆಪ್ಪಾಗುತ್ತಿತ್ತು, ಒದ್ದೆ ಸೀರೆ ಒಣಗುತ್ತಿತ್ತು. ಆದರೆ ನೋಡಿ ಚಪ್ಪಾಳೆ ತಟ್ಟುವುದನ್ನು ಬಿಟ್ಟರೆ ಬೇರೆ ಯಾವ ಕೆಲಸಕ್ಕೂ ಬಾರದ ಕೆಲವು ಸಂಗತಿಗಳಿವೆಯಲ್ಲ, ಉಪ್ಪುನೀರಿನಲ್ಲಿ ಮೊಟ್ಟೆ ತೇಲುವುದು, ತಲೆಗೆ ಉಜ್ಜಿದ ಬಾಚಣಿಗೆಗೆ ಕಾಗದದ ಚೂರು ನೆಗೆದು ಅಂಟಿಕೊಳ್ಳುವುದು, ಉರಿಯುವ ಮೋಂಬತ್ತಿಯ ಮೇಲೆ ಲೋಟ ಕವುಚಿದರೆ ತಟ್ಟೆಯ ನೀರೆಲ್ಲ ಲೋಟದೊಳಗೆ ಏರುವುದು, ಇಂಥವು ಮಾತ್ರ ಗೊತ್ತಿದ್ದವರ ಕಣ್ಣೆದುರು ಆಗುತ್ತಿರಲಿಲ್ಲ. ನೋಡುತ್ತಿರುವವರಲ್ಲಿ ಒಬ್ಬರಿಗೆ ಮುಂದೇನಾಗುತ್ತದೆಂದು ತಿಳಿದಿದ್ದರೂ ಸಾಕು, ಮೊಟ್ಟೆ ತಳ ಬಿಟ್ಟು ಏಳುತ್ತಿರಲಿಲ್ಲ. ಆತ ಬೆನ್ನು ತಿರುಗಿಸಿದನೋ, ಗೊಳಕ್ಕನೆ ಮೇಲೆ ಬರುತ್ತಿತ್ತು. ಯಾಕೆ ಅಂತ ಯಾರೂ ತಲೆ ಕೆಡಿಸಿಕೊಂಡವರಲ್ಲ. ಹಾಗಾಗಿ ಯಾವ ಸೋಜಿಗವಾದರೂ ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಕಾಣುತ್ತಿತ್ತು. ಒಮ್ಮೆ ಕಂಡ ಮೇಲೆ ಗೊತ್ತಾಯಿತು, ಗೊತ್ತಾದ ಮೇಲೆ ಮುಗಿಯಿತು.

ಮೊದಲೇ ಬಾಯಿಬಿಟ್ಟು ಹೇಳಿಬಿಡುವುದಕ್ಕೆ ನಮ್ಮಲ್ಲಿ "ಎಂಜಲು ಮಾಡುವುದು" ಅನ್ನುತ್ತಿದ್ದರು. ಅಣ್ಣನಾದವನು ತಂಗಿಯ ಜಡೆ ಎಳೆಯಬಹುದು, ಅವಳ ಪಾಲಿನ ಕೋಡುಬಳೆ ಕದಿಯಬಹುದು, ಎಂಜಲು ಮಾಡುವ ಹಾಗಿಲ್ಲ. ಮಾಡಿದರೆ ಅಪ್ಪನ ಕೈಯಲ್ಲಿ ಬೆನ್ನು ಮುರಿಯುವಷ್ಟು ಬೀಳುತ್ತಿತ್ತು. ಜ್ವರ ಬಂದು ಶಾಲೆ ತಪ್ಪಿಸಿಕೊಂಡವರಿಗೆ ಗೆಳತಿಯರು ಬರೀ ಕಾಗೆ ಎಂಜಲು ಕೊಡುತ್ತಿದ್ದರು. ಪೆಪ್ಪರಮಿಂಟನ್ನು ಲಂಗದ ಅಂಚಿನಲ್ಲಿ ಸುತ್ತಿ, ಬಾಯಿ ತಾಗದಂತೆ ಬಟ್ಟೆಯ ಮೇಲಿಂದ ಕಚ್ಚಿ ಅರ್ಧ ಮಾಡಿ ಕೊಡುತ್ತೇವಲ್ಲ, ಅದೇ ರೀತಿ. "ಇವತ್ತು ಏನಾಯ್ತೇ?" ಅಂದರೆ "ಅಯ್ಯೋ, ನಾನು ಬೆಂಚಿಂದ ಕೆಳಗೇ ಬಿದ್ಬಿಟ್ಟೆ ಕಣೇ" ಅನ್ನಬಹುದು. ಯಾಕೆ ಬಿದ್ದೆ ಅನ್ನುವಂತಿಲ್ಲ.

ಬಿಸಿಲುಮಳೆ ಬಂದಾಗ ನಮ್ಮೂರಿನ ಬೀದಿ ನೋಡಬೇಕಿತ್ತು. ದೊಡ್ಡವರೆಲ್ಲ ದಡದಡ ಒಳಗೆ ಹೋಗಿ ಕಿಟಕಿ ಹಾಕಿಕೊಂಡು, ಇನ್ನೂ ಕಾಮನಬಿಲ್ಲು ಕಾಣದ ಕೂಸುಗಳನ್ನು ಅಂಗಳಕ್ಕೆ ಬಿಡುತ್ತಿದ್ದರು. ಆಮೇಲೆ ಒಂದೊಂದು ಕೂಸನ್ನೂ ತೊಡೆಯ ಮೇಲೆ ಹಾಕಿಕೊಂಡು "ಎಷ್ಟು ದೊಡ್ಡದಿತ್ತು ಕಂದಾ? ಎಲ್ಲಿಂದ ಎಲ್ಲಿಗಿತ್ತು?" ಅಂತ ಕೇಳಿದ್ದೇ ಕೇಳಿದ್ದು. ನಮ್ಮಜ್ಜಿ ಒಂದು ಸಲ ನನ್ನನ್ನು ಹಾಗೆ ಕೇಳುತ್ತ ಕೇಳುತ್ತ ಕಣ್ಣು ಒರೆಸಿಕೊಂಡಿದ್ದಳು. ಹೊಗೆ ಹೋಯಿತು ಅಂದಳು. ಒಲೆ ಹಚ್ಚಿರಲೇ ಇಲ್ಲ.

ಮದುವೆಗೂ ಇದು ಬೇಕಿತ್ತು. ಧಾರೆಯಾದ ಮೇಲೆ, ತಾಳಿಗೆ ಮುಂಚೆ, ಬೆರಗಿನ ಶಾಸ್ತ್ರ. ಗಂಡು ಹೆಣ್ಣು ಇಬ್ಬರಿಗೂ ಗೊತ್ತಿಲ್ಲದ ಯಾವುದಾದರೊಂದು ಸೋಜಿಗವನ್ನು ಹಸೆಮಣೆಯ ಮುಂದೆ ಮಾಡಬೇಕು. ನೆಂಟರಿಷ್ಟರು, ಪುರೋಹಿತರು, ವಾಲಗದವರು, ಎಲ್ಲರೂ ಬೆನ್ನು ತಿರುಗಿಸಿ ನಿಲ್ಲಬೇಕು. ಗಂಡು ಹೆಣ್ಣಿನ ಬಾಯಿಂದ ಒಟ್ಟಿಗೆ "ಆ!" ಅಂತ ಬಂತೋ, ಗಟ್ಟಿಮೇಳ, ಎಲ್ಲರೂ ಹೆಗಲ ಮೇಲಿಂದ ಹಿಂದಕ್ಕೆ ಅಕ್ಷತೆ ಎಸೆಯುತ್ತಾರೆ, ಅರ್ಧ ಅಕ್ಷತೆ ಪುರೋಹಿತರ ಕಿವಿಗೆ ಹೋಗುತ್ತದೆ. "ಆ" ಬರಲಿಲ್ಲವೋ, ತಾಳಿ ತಟ್ಟೆಯಲ್ಲೇ ಉಳಿಯುತ್ತದೆ. ನಟನೆ ಮಾಡಿಬಿಟ್ಟರೆ ಅಂತ ನೀವು ಕೇಳಬಹುದು. ಅದಕ್ಕೇ ಒಂದು ಹಾಲುಹಲ್ಲಿನ ಮಗುವನ್ನು ಮದುವಣಿಗನ ತೊಡೆಯ ಮೇಲೆ ಸಾಕ್ಷಿಗೆ ಕೂರಿಸುತ್ತಿದ್ದರು. ಆ ವಯಸ್ಸಿನವರನ್ನು ಒಲಿಸಿಕೊಳ್ಳುವುದು ಬ್ರಹ್ಮನಿಂದಲೂ ಆಗುವುದಿಲ್ಲ. ಆದ್ದರಿಂದ ಮಗಳಿದ್ದ ಮನೆಯವರು ಚಿನ್ನದ ಜೊತೆಗೆ ಒಂದು ಅಜ್ಞಾನವನ್ನೂ ಜೋಪಾನವಾಗಿ ಎತ್ತಿಡುತ್ತಿದ್ದರು. ನಿಂಬೆರಸದಲ್ಲಿ ಬರೆದ ಹೆಸರು ದೀಪದ ಕಾವಿಗೆ ಮೂಡುವುದನ್ನೋ, ಬಿಸಿನೀರಿನಲ್ಲಿಟ್ಟ ಬಾಟಲಿಯ ಬಾಯಿಗೆ ಕಟ್ಟಿದ ಬಲೂನು ತಾನೇ ಉಬ್ಬುವುದನ್ನೋ ಅವಳ ಕಣ್ಣಿಗೂ ಕಿವಿಗೂ ಬೀಳದ ಹಾಗೆ ಕಾಯುತ್ತಿದ್ದರು.

ಇಂಥ ಊರಿನಲ್ಲಿ ನನ್ನ ಮೂರನೇ ಕ್ಲಾಸಿನ ಟೀಚರು ಪ್ರಫುಲ್ಲಾ ಅವರಿಗೆ ಗೊತ್ತಿಲ್ಲದ್ದು ಒಂದೂ ಇರಲಿಲ್ಲ.

ಅವರ ತಪ್ಪಲ್ಲ. ಅವರ ತಂದೆ ಚೆನ್ನಕೇಶವ ಮೇಷ್ಟ್ರು ಅದೇ ಶಾಲೆಯಲ್ಲಿ ಅದೇ ಪಾಠ ಮಾಡಿದವರು. ಮೇಷ್ಟ್ರಿಗೆ ಮಕ್ಕಳ ಮುಂದೆ ನಿಂತರೆ ಮಾತು ತಡವರಿಸುತ್ತಿತ್ತಂತೆ. ಅದಕ್ಕೇ ಬೆಳಿಗ್ಗೆ ಎದ್ದು, ಖಾಲಿ ನಡುಮನೆಯಲ್ಲಿ ನಿಂತು, ಅವತ್ತಿನ ಪಾಠವನ್ನು, ಕ್ಲಾಸಿನಲ್ಲಿ ಬಾಯಿಬಿಡದ ಭಾಗವನ್ನೂ ಸೇರಿಸಿ, ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದರು. "ಈಗ ನಾನು ತಿರುಗಿ ನಿಲ್ಲುತ್ತೇನೆ, ಉಪ್ಪು ಹಾಕಿ ಮಕ್ಕಳೇ. ಈಗ ಮೊಟ್ಟೆ ನಿಧಾನವಾಗಿ ಮೇಲೆ ಬರುತ್ತದೆ. ಈಗ ನೀವೆಲ್ಲ ಚಪ್ಪಾಳೆ ತಟ್ಟುತ್ತೀರಿ." ಗೋಡೆಯ ಆಚೆ ಕೋಣೆಯಲ್ಲಿ ತಾಯಿಯಿಲ್ಲದ ಮಗು ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು. ಆ ಮಗು ಮೂರನೇ ಕ್ಲಾಸಿಗೆ ಬಂದ ವರ್ಷ, ಮೇಷ್ಟ್ರು ತಿರುಗಿ ನಿಂತರೂ, ಮಕ್ಕಳು ಉಪ್ಪಿನ ಮೇಲೆ ಉಪ್ಪು ಸುರಿದರೂ ಮೊಟ್ಟೆ ಏಳಲಿಲ್ಲ. ಬಾಚಣಿಗೆಗೆ ಕಾಗದ ಅಂಟಲಿಲ್ಲ. ಮಕ್ಕಳೆಲ್ಲ ಒಬ್ಬರ ಮುಖ ಒಬ್ಬರು ನೋಡಿ ಕಡೆಗೆ ಮೊದಲನೇ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಮೇಷ್ಟ್ರ ಮಗಳನ್ನೇ ನೋಡತೊಡಗಿದರಂತೆ. ಮೇಷ್ಟ್ರಿಗೆ ಆಗ ಗೊತ್ತಾಯಿತು. ತನ್ನ ಬಾಯಿಂದಲೇ ತನ್ನ ಮಗಳ ತಟ್ಟೆಯನ್ನೆಲ್ಲ ಎಂಜಲು ಮಾಡಿಬಿಟ್ಟೆನೆಂದು ಆ ಮನುಷ್ಯ ಅಂದಿನಿಂದ ಮನೆಯಲ್ಲಿ ದನಿಯೆತ್ತಿ ಮಾತಾಡಿದವರಲ್ಲ. ಮಗಳ ಮುಂದೆ ನಿಲ್ಲಬೇಕಾದಾಗಲೂ ಸ್ವಲ್ಪ ಪಕ್ಕಕ್ಕೆ ನೋಡುತ್ತ ನಿಲ್ಲುತ್ತಿದ್ದರು.

ಪ್ರಫುಲ್ಲಾ ಟೀಚರು ಪಾಠ ಮಾಡುತ್ತಿದ್ದ ರೀತಿಯನ್ನು ಈಗಲೂ ನಾನು ನೆನೆಸಿಕೊಳ್ಳುತ್ತೇನೆ. ಮೇಜಿನ ಮೇಲೆ ಲೋಟ, ನೀರು, ಉಪ್ಪು, ಮೊಟ್ಟೆ ಎಲ್ಲ ಜೋಡಿಸಿ, ನಮ್ಮಲ್ಲೊಬ್ಬರ ಕೈಗೆ ಚಮಚ ಕೊಟ್ಟು, ಅವರು ಬೆನ್ನು ತಿರುಗಿಸಿ ಬೀದಿಯ ಕಡೆಯ ಕಿಟಕಿಗೆ ಮುಖ ಮಾಡಿ ನಿಲ್ಲುತ್ತಿದ್ದರು. ಅವರ ಪಕ್ಕದಲ್ಲಿ, ಗೋಡೆಗೆ ಮೂಗು ತಾಗಿಸಿಕೊಂಡು, ಬಸವಂತ. ಅವನು ಮೂರನೇ ಕ್ಲಾಸಿನಲ್ಲಿ ನಪಾಸಾಗಿ ಅಲ್ಲೇ ಉಳಿದವನು, ಎಲ್ಲವನ್ನೂ ಹೋದ ವರ್ಷವೇ ನೋಡಿಬಿಟ್ಟಿದ್ದ. ಅವನಿಗೆ ಗೋಡೆ ಬಸವಂತ ಅಂತಲೇ ಹೆಸರಾಗಿತ್ತು. "ಹೂಂ, ಹಾಕ್ರೋ ಈಗ" ಅಂತ ಟೀಚರು ಅನ್ನುವುದು. ನಾವು ಹಾಕುವುದು. ಕ್ಲಾಸೆಲ್ಲ ಉಸಿರು ಹಿಡಿದು ಕೂತು, ಆಮೇಲೆ ಒಮ್ಮೆಗೇ "ಆ!" ಅನ್ನುವುದು. ನನಗೆ ಚಮಚ ಸಿಕ್ಕಿದ್ದ ದಿನ ಶಾಲೆ ಬಿಟ್ಟ ಮೇಲೆ ಅವರು ನನ್ನನ್ನು ನಿಲ್ಲಿಸಿಕೊಂಡು ಕೇಳಿದರು.

"ವಾರಿಜಾ, ಮೊಟ್ಟೆ ಮೇಲಕ್ಕೆ ಬಂತಲ್ಲ, ಆಗ ನಿನ್ನ ಹೊಟ್ಟೆಯೊಳಗೆ ಏನಾಯ್ತು?"

ನಾನು ಯೋಚಿಸಿ ಹೇಳಿದೆ. "ಜೋಕಾಲಿ ಕೆಳಗೆ ಬರುವಾಗ ಆಗತ್ತಲ್ಲ ಟೀಚರ್, ಹಾಗೆ."

"ಓ," ಅಂದರು. ನಗುವುದಕ್ಕೆ ನೋಡಿದರು, ಆಗಲಿಲ್ಲ. "ಹಾಗಾ? ಹೋಗು, ಮನೆಗೆ ಹೋಗು. ಹೊತ್ತಾಯ್ತು."

ನಾನು ಆವತ್ತು ದಾರಿಯುದ್ದಕ್ಕೂ ಅಳುತ್ತ ಹೋದೆ. ಅಷ್ಟು ಒಳ್ಳೆಯ ಟೀಚರಿಗೆ ಒಂದೇ ಒಂದು ಸಲವೂ ಹಾಗೆ ಆಗಿಲ್ಲವಲ್ಲ ಎಂದು.

ಅವರಿಗೆ ಮದುವೆಯೂ ಕೂಡಿಬಂದಿರಲಿಲ್ಲ. ಬಂದ ಗಂಡುಗಳೆಲ್ಲ ಉಪ್ಪಿಟ್ಟು ತಿಂದು, ಕೈ ತೊಳೆದು, "ಹುಡುಗಿ ಲಕ್ಷಣವಾಗಿದ್ದಾಳೆ, ಆದರೆ ಎಲ್ಲ ತಿಳಿದವಳು" ಅಂತ ಹೋಗಿಬಿಡುತ್ತಿದ್ದರು. ಹಸೆಮಣೆಯ ಮೇಲೆ ಮರ್ಯಾದೆ ಕಳೆದುಕೊಳ್ಳಲು ಯಾರಿಗೆ ಇಷ್ಟ? ಹಾಗಿರುವಾಗ ಶಾಲೆಯ ಎದುರು ಕೊಡೆ ರಿಪೇರಿ ಅಂಗಡಿಯಿಟ್ಟಿದ್ದ ಶ್ರೀಕಂಠ ಆಕೆಯನ್ನೇ ಆಗುತ್ತೇನೆ ಅಂತ ಕೂತ. ಊರಿಗೆ ಊರೇ ಬೆಚ್ಚಿತು. ಶ್ರೀಕಂಠ ಎಂದರೆ ಹುಡುಗಿಯರ ಅಪ್ಪಂದಿರು ಮುಗಿಬೀಳುವ ಗಂಡು. ಶಾಲೆಗೆ ಹೋದದ್ದು ಕಡಿಮೆ, ಹೋದಾಗ ನಿದ್ದೆ ಮಾಡಿದ್ದು ಹೆಚ್ಚು. "ಆ ಹುಡುಗನಿಗೆ ಏನೇನೂ ಗೊತ್ತಿಲ್ಲ ಕಣ್ರೀ, ಅಪ್ಪಟ" ಅಂತ ದಲ್ಲಾಳಿಗಳು ಕೊಂಡಾಡುತ್ತಿದ್ದರು. ಅಂಥವನು ಆ ಟೀಚರನ್ನೇ ಯಾಕೆ ಬಯಸಿದ ಅಂತ ನಾವು ಹುಡುಗರು ಅವನ ಅಂಗಡಿಗೇ ಹೋಗಿ ಕೇಳಿದೆವು. ಕೊಡೆಯ ಕಡ್ಡಿಗೆ ದಾರ ಸುತ್ತುತ್ತಿದ್ದವನು ನಾಚಿಕೊಂಡು ನಮ್ಮ ಕಡೆ ನೋಡದೆಯೇ ಹೇಳಿದ.

"ನೀವೆಲ್ಲ ಒಳಗೆ 'ಆ' ಅಂತೀರಲ್ಲ, ಆವಾಗ ಅವರು ಈ ಕಡೆ ಮುಖ ಮಾಡಿ ನಿಂತಿರ್ತಾರೆ. ನಿಮಗೆ ಅವರ ಬೆನ್ನು ಕಾಣತ್ತೆ. ನನಗೆ ಮುಖ ಕಾಣತ್ತೆ. ನೀವು ಅಂದದ್ದನ್ನು ಕೇಳಿಸ್ಕೊಂಡು ಆ ಮುಖ... ಹೋಗ್ರೋ, ಕೆಲಸ ಇದೆ ನನಗೆ."

ಅವನ ತಾಯಿ ಜಾನಕಮ್ಮ ಮೂರು ದಿನ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿ ಕುಕ್ಕಿ ಇಟ್ಟು, ಕಡೆಗೆ ಒಪ್ಪಿಕೊಂಡಳು. ಆದರೆ ಮೇಷ್ಟ್ರ ಮನೆಗೇ ಬಂದು ಹೇಳಿಹೋದಳು. "ನಾನೇನು ಕೆಟ್ಟವಳಲ್ಲ ಮೇಷ್ಟ್ರೇ. ನಿಮ್ಮ ಮಗಳು ಚಿನ್ನದಂಥವಳು, ಇಲ್ಲ ಅನ್ನಲ್ಲ. ಆದ್ರೆ ಎಲ್ಲಾರಿಗೂ ಆದಂಗೆ ಶಾಸ್ತ್ರ ಆಗ್ಲಿ. ನನ್ನ ಮದುವೇಲಿ ನಾನೂ 'ಆ' ಅಂದಿದ್ದೆ, ಇವತ್ತಿಗೂ ಅದೇ ನನ್ನ ಮುಖ ಮುದುರದಂಗೆ ಇಟ್ಟಿರೋದು. ಅವಳ ಬಾಯಿಂದ ಆ ಮಾತು ಬಂದ್ರೆ ನನ್ನ ಸೊಸೆ. ಬರಲಿಲ್ಲ ಅಂದ್ರೆ ಅವರ ದಾರಿ ಅವರಿಗೆ, ನಮ್ಮ ದಾರಿ ನಮಗೆ."

ಮಾರನೇ ದಿನ ಚೆನ್ನಕೇಶವ ಮೇಷ್ಟ್ರು ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತಿದ್ದರು. ಇಡೀ ಊರಿಗೆ ಪಾಠ ಹೇಳಿದ ಮನುಷ್ಯ, ಲಂಗ ಚಡ್ಡಿಯ ನಮ್ಮ ಮುಂದೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. "ನನಗೆ ಗೊತ್ತಿರೋದೆಲ್ಲ ಅವಳಿಗೂ ಗೊತ್ತು ಕಣ್ರಪ್ಪ. ನಾನು ಹುಡುಕಿ ಪ್ರಯೋಜನ ಇಲ್ಲ. ನಿಮ್ಮ ಟೀಚರಿಗೆ ಗೊತ್ತಿಲ್ಲದ್ದು ಏನಾದ್ರೂ ಒಂದು, ಎಷ್ಟೇ ಚಿಕ್ಕದಾಗ್ಲಿ, ಹುಡುಕಿ ಕೊಡ್ತೀರಾ?" ಅಂದರು. ನಾವು ಆಯ್ತು ಸಾರ್ ಅಂದೆವು. ಅಷ್ಟು ದೊಡ್ಡವರು ಅಷ್ಟು ಮೆಲ್ಲಗೆ ಕೇಳಿದರೆ ಇನ್ನೇನು ಅನ್ನುವುದು?

ಅಲ್ಲಿಂದ ನಮ್ಮ ಮನೆಗಳಲ್ಲಿ ಒಂದು ಸಾಮಾನೂ ಇದ್ದ ಜಾಗದಲ್ಲಿ ಉಳಿಯಲಿಲ್ಲ. ಸೀಗೆಪುಡಿಗೆ ಮಜ್ಜಿಗೆ ಸುರಿದವರುಂಟು, ಇಂಗನ್ನು ಸೋಪಿನ ನೀರಿಗೆ ಹಾಕಿದವರುಂಟು. ಹೆಚ್ಚಿನ ಪಾಲು ಏನೂ ಆಗುತ್ತಿರಲಿಲ್ಲ, ಒದೆ ಬೀಳುವುದು ಬಿಟ್ಟರೆ. ಏನಾದರೂ ಆದರೆ ಅದನ್ನು ಕರವಸ್ತ್ರದಲ್ಲಿ ಮುಚ್ಚಿಕೊಂಡು ಟೀಚರ ಮೇಜಿಗೆ ತರುತ್ತಿದ್ದೆವು. ಆದರೆ ಗೊತ್ತಿರುವುದು ಒಂದು ಬಗೆ, ತಲೆ ಓಡುವುದು ಇನ್ನೊಂದು ಬಗೆ. ಪ್ರಫುಲ್ಲಾ ಟೀಚರಿಗೆ ಎರಡೂ ಇತ್ತು. ಒಬ್ಬಳು ಕಣ್ಣು ಮುಚ್ಚಿಕೊಂಡು ಸೋಡಾ ಲೋಟಕ್ಕೆ ಒಣದ್ರಾಕ್ಷಿ ಹಾಕಲು ಹೊರಟಳು. ದ್ರಾಕ್ಷಿ ಇನ್ನೂ ಅವಳ ಬೆರಳಲ್ಲಿತ್ತು. ಟೀಚರು ಲೋಟದ ಗುಳ್ಳೆ ನೋಡಿದರು, ದ್ರಾಕ್ಷಿಯ ಸುಕ್ಕು ನೋಡಿದರು, "ಗುಳ್ಳೆ ಸುಕ್ಕಿಗೆ ಹಿಡ್ಕೊಳತ್ತೆ, ಎತ್ತತ್ತೆ, ಒಡೆದ್ರೆ ಮತ್ತೆ ಬೀಳತ್ತೆ... ಕುಣಿಯತ್ತೆ ಅಲ್ವೇನೇ?" ಅಂದೇಬಿಟ್ಟರು. ದ್ರಾಕ್ಷಿ ತಳದಲ್ಲಿ ಹೋಗಿ ಕೂತದ್ದು ಅಲ್ಲಾಡಲಿಲ್ಲ. ಆ ಹುಡುಗಿ ಅಳತೊಡಗಿದಳು. ಟೀಚರು ಅವಳ ತಲೆ ಸವರುತ್ತ, "ನಾನು ಯೋಚನೆ ಮಾಡಬಾರದು ಅಂತ ಎಷ್ಟು ಗಟ್ಟಿಯಾಗಿ ಹಿಡ್ಕೊತೀನೋ ಅಷ್ಟು ಬೇಗ ಓಡಿಬಿಡತ್ತೆ ಮಗು ಇದು. ಬಿಡ್ರೋ, ನನ್ನ ಹಣೆಯಲ್ಲಿ ಬರೆದಿಲ್ಲ" ಅಂದರು.

ನಾವು ಬಿಡಲಿಲ್ಲ. ಹಣೆಯಲ್ಲಿ ಬರೆದಿದ್ದು ನಿಂಬೆರಸದಲ್ಲಿ ಬರೆದಿರಬಹುದು, ಕಾವು ತಾಗಲಿ ಅಂತ ನಮ್ಮಜ್ಜಿ ಹೇಳಿದಳು. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡು, "ಅಯ್ಯೋ, ನಿನ್ನ ಮದುವೆಗೆ ಇಟ್ಟಿದ್ದನ್ನ ಎಂಜಲು ಮಾಡಿಬಿಟ್ನಲ್ಲೇ" ಅಂತ ತಲೆ ಚಚ್ಚಿಕೊಂಡಳು.

ಅದು ಕಿತ್ತಳೆಯ ಕಾಲ. ಒಂದು ಸಂಜೆ ಅಜ್ಜಿ ದೇವರ ಮುಂದೆ ದೀಪ ಹಚ್ಚಿ, ಕಣ್ಣು ಮುಚ್ಚಿ ಕೂತಿದ್ದಳು. ನಾನು ಪಕ್ಕದಲ್ಲಿ ಹಣ್ಣು ಸುಲಿಯುತ್ತಿದ್ದೆ. ಸಿಪ್ಪೆ ಮಡಿಚಿದಾಗ ಚಿಮ್ಮಿದ ಹನಿ ದೀಪಕ್ಕೆ ಹೋಗಿ ಚಟಚಟ ಅಂತ ಕಿಡಿ ಹಾರಿತು. ಚಿಕ್ಕ ಮತಾಪಿನ ಹಾಗೆ. ನಾನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು "ಆ" ಅನ್ನುವುದನ್ನು ನುಂಗಿದೆ. ಇದು ಪಾಠದಲ್ಲಿಲ್ಲ, ಮೇಷ್ಟ್ರು ಹೇಳಿದ್ದಲ್ಲ. ಸಿಕ್ಕಿತು ಅಂದುಕೊಂಡೆ. ಕ್ಲಾಸಿನಲ್ಲಿ ತೋರಿಸಿದರೆ ತಾನೇ ಆಕೆ ಯೋಚಿಸುವುದು? ನೆಟ್ಟಗೆ ಹಸೆಮಣೆಯ ಮುಂದೆ, ವಾಲಗ, ಹೊಗೆ, ಗಲಾಟೆಯ ನಡುವೆ, ತಲೆ ಓಡದ ಹೊತ್ತಿನಲ್ಲಿ ತೋರಿಸಿಬಿಡೋಣ. ಯಾರಿಗೂ ಬಾಯಿ ಬಿಡಲಿಲ್ಲ. ಮದುವೆಯ ದಿನ ಬಸವಂತನಿಗೆ ಎರಡು ಕಿತ್ತಳೆ ಕೊಟ್ಟು, "ಎರಡೂ ಸುಲಿದು, ಸಿಪ್ಪೆ ಹಣ್ಣು ಎಲ್ಲ ಒಂದು ತಟ್ಟೇಲಿಡು. ಯಾಕೆ ಅಂತ ಕೇಳಬೇಡ" ಅಂದೆ. ಅವನು ಕೇಳುವವನೂ ಅಲ್ಲ.

ಮದುವೆಮನೆ ಕಿಕ್ಕಿರಿದಿತ್ತು. ಕರೆದವರಿಗಿಂತ ಕರೆಯದವರೇ ಹೆಚ್ಚು, ಆಗುತ್ತದೋ ಇಲ್ಲವೋ ನೋಡೋಣ ಅಂತ ಬಂದವರು. ಧಾರೆಯಾಯಿತು. ಪುರೋಹಿತರು "ಬೆರಗಿಗೆ ತಿರುಗಿಕೊಳ್ಳಿ" ಅಂತ ಕೂಗಿದರು. ಊರೆಲ್ಲ ಒಮ್ಮೆಗೇ ಬೆನ್ನು ತಿರುಗಿಸಿತು. ಮುಂದಿನ ಸಾಲಿನಲ್ಲಿ ಜಾನಕಮ್ಮನ ಬೆನ್ನು, ಅವಳ ಪಕ್ಕದಲ್ಲಿ ಮೇಷ್ಟ್ರ ಬೆನ್ನು. ಮೇಷ್ಟ್ರ ಅಂಗಿ ಬೆವರಿನಲ್ಲಿ ನೆನೆದು ಅಂಟಿಕೊಂಡಿತ್ತು. ಶ್ರೀಕಂಠನ ತೊಡೆಯ ಮೇಲೆ ಅವನಕ್ಕನ ಮಗು ಬೆರಳು ಚೀಪುತ್ತ ಕೂತಿತ್ತು. ನಾನು ದೀಪವನ್ನಿಟ್ಟೆ. ನಾನು ದೀಪ ಬೇಕು ಅಂದಿದ್ದಕ್ಕೆ, ಪಕ್ಕದಲ್ಲಿ ನೀರಿರಲಿ ಅಂತ ಅಜ್ಜಿ ಒಂದು ಕೊಳಗದ ತುಂಬ ನೀರು ಇಡಿಸಿದ್ದಳು. ತಟ್ಟೆಯ ಮೇಲಿನ ಬಟ್ಟೆ ತೆಗೆದರೆ, ಒಂದೇ ಹಣ್ಣು ಸುಲಿದಿತ್ತು, ಇನ್ನೊಂದು ಹಾಗೇ ಇಡಿಯಾಗಿತ್ತು. ಮಕ್ಕಳ ಪಂಕ್ತಿಗೆ ಪಾಯಸ ಬಂತೆಂದು ಬಸವಂತ ಅರ್ಧಕ್ಕೇ ಬಿಟ್ಟು ಓಡಿದ್ದ. ಹಲ್ಲು ಕಚ್ಚಿಕೊಂಡು, ಇದ್ದ ಸಿಪ್ಪೆಯನ್ನೇ ಎರಡು ಪಾಲು ಮಾಡಿ ಇಬ್ಬರ ಕೈಗೂ ಕೊಟ್ಟು, "ದೀಪದ ಹತ್ತಿರ ಹಿಡಿದು ಮಡಿಚಿ" ಅಂದು ಬೆನ್ನು ತಿರುಗಿಸಹೊರಟೆ.

ಟೀಚರು ಸಿಪ್ಪೆ ನೋಡಿದರು. ಬೆರಳಿಗೆ ಅಂಟಿದ್ದನ್ನು ಮೂಸಿದರು. ದೀಪ ನೋಡಿದರು. 'ಬೇಡ ಟೀಚರ್, ಬೇಡ, ಬೇಡ' ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ. ಅವರು ನಿಧಾನವಾಗಿ ಕಣ್ಣು ಮುಚ್ಚಿದರು. "ಸಿಪ್ಪೇಲಿ ಎಣ್ಣೆ ಇರತ್ತೆ ವಾರಿಜಾ," ಅಂದರು, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ. "ಕಿಡಿ ಹಾರತ್ತೆ." ಕಣ್ಣು ತೆರೆದರು. ಇನ್ನು ನಾನು ಬೆನ್ನು ತಿರುಗಿಸಿ ಪ್ರಯೋಜನವಿರಲಿಲ್ಲ. ಶ್ರೀಕಂಠ ಸಿಪ್ಪೆ ಮಡಿಚಿದ, ಹಿಂಡಿದ, ಮತ್ತೆ ಹಿಂಡಿದ. ದೀಪ ಸುಮ್ಮನೆ ಉರಿಯಿತು. ಮಗು ಆಕಳಿಸಿತು.

ಇಡೀ ಮದುವೆಮನೆ ಬೆನ್ನು ಕಾಣಿಸುತ್ತ ಕಾಯುತ್ತಿತ್ತು. ಯಾರೋ ಕೆಮ್ಮಿದರು. ಎಲ್ಲೋ ಒಬ್ಬರು ಲೊಚಗುಟ್ಟಿದರು. ಮೇಷ್ಟ್ರ ಹೆಗಲು ಇಳಿಯುತ್ತಿರುವುದು ನನಗೆ ಕಾಣುತ್ತಿತ್ತು. "ಇನ್ನೊಂದು ಸಲ ನೋಡೋಣ" ಅಂದ ಶ್ರೀಕಂಠ. ಟೀಚರು ತಲೆಯಾಡಿಸಿದರು. "ಬೇಡ. ನೀವು ಒಳ್ಳೆಯವರು. ನಿಮ್ಮ ಪಾಲಿನದನ್ನೂ ನಾನು ಹಾಳು ಮಾಡಬಾರದು" ಅಂದು ಬಾಸಿಂಗ ಸರಿಪಡಿಸಿಕೊಂಡು ಎದ್ದೇಬಿಟ್ಟರು. ಎದ್ದ ರಭಸಕ್ಕೆ ಅವರ ಸೆರಗು ತಟ್ಟೆಗೆ ಸಿಕ್ಕಿ ತಟ್ಟೆ ವಾಲಿತು. ಸುಲಿದ ಕಿತ್ತಳೆ, ಸುಲಿಯದ ಕಿತ್ತಳೆ, ಎರಡೂ ಉರುಳಿ ಕೊಳಗದ ನೀರಿಗೆ ಬಿದ್ದವು.

ಬಿದ್ದ ಸದ್ದಿಗೆ ಅವರು ತಿರುಗಿ ನೋಡಿದರು. ಆ ತಲೆ ಆಗಲೂ ತನ್ನ ಚಾಳಿ ಬಿಡಲಿಲ್ಲ. ಭಾರದ್ದು ಹೀಗೆ, ಹಗುರದ್ದು ಹಾಗೆ ಅಂತ ಅರೆಗಳಿಗೆಯಲ್ಲಿ ಲೆಕ್ಕ ಹಾಕಿ ಮುಗಿಸಿದ್ದು ಅವರ ಮುಖದಲ್ಲೇ ಕಂಡಿತು. ಮುಗಿಸಿ, ಹೊರಡಲು ಕಾಲೆತ್ತಿದರು. ಲೆಕ್ಕ ತಪ್ಪಿತ್ತು. ಎತ್ತಿದ ಕಾಲು ಅಲ್ಲೇ ನಿಂತಿತು.

"ಆ!"

ಶ್ರೀಕಂಠನೂ ಅಂದ. ನಾನೂ ಅಂದೆ. ಮಗು ಬಾಯಿಂದ ಬೆರಳು ತೆಗೆದು ಚಪ್ಪಾಳೆ ತಟ್ಟಿತು. ಏನಾಯಿತು ಅಂತ ಮಾತ್ರ ನನ್ನನ್ನು ಕೇಳಬೇಡಿ. ಮೊಟ್ಟೆ, ಬಾಚಣಿಗೆಯ ವಿಷಯ ನಿಮಗೆ ಹೇಗೂ ಗೊತ್ತಿರುತ್ತದೆ, ಅದಕ್ಕೇ ಹೇಳಿದೆ. ಕಿಡಿಯ ವಿಷಯ ಬಾಯಿ ತಪ್ಪಿ ಬಂತು. ಇದನ್ನು ಎಂಜಲು ಮಾಡಲಾರೆ. ಕಿತ್ತಳೆ ಎರಡು, ಬಕೆಟ್ ಒಂದು, ನೀರು. ಒಂದನ್ನು ಸುಲಿಯಿರಿ, ಒಂದನ್ನು ಬಿಡಿ. ಅಷ್ಟು ಹೇಳಿದ್ದೇ ಹೆಚ್ಚಾಯಿತು.

ಗಟ್ಟಿಮೇಳ ಕಿವಿ ಒಡೆಯುವ ಹಾಗೆ ಬಂತು. ಹೆಗಲುಗಳ ಮೇಲಿಂದ ಅಕ್ಷತೆ ಮಳೆಯಂತೆ ಹಿಂದಕ್ಕೆ ಬಿತ್ತು, ನನ್ನ ಕಣ್ಣಿಗೂ ಹೋಯಿತು. ಟೀಚರು ಮಾತ್ರ ಏನನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಕೊಳಗದ ಅಂಚನ್ನು ಎರಡು ಕೈಯಲ್ಲೂ ಹಿಡಿದು, ಬಾಸಿಂಗ ನೀರಿಗೆ ತಾಗುವಷ್ಟು ಬಾಗಿ, "ಗೊತ್ತಿರಲಿಲ್ಲ... ನನಗೆ ಇದು ಗೊತ್ತೇ ಇರಲಿಲ್ಲ..." ಅನ್ನುತ್ತಿದ್ದರು. ಅವರ ಸದ್ದು ಕೇಳಿ ಜಾನಕಮ್ಮ ಮೂಗು ಏರಿಸಿಕೊಂಡು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು, ಬೆನ್ನು ತಿರುಗಿಸಿಕೊಂಡೇ.

"ಪ್ರಫುಲ್ಲಾ," ಅಂದರು ಮೇಷ್ಟ್ರು. ವಾಲಗ ನಿಂತಿತ್ತು. ಗೋಡೆಯನ್ನೇ ನೋಡುತ್ತ ಕೇಳಿದರು. "ಏನು ಕಾಣ್ತಮ್ಮಾ? ಏನಾಯ್ತು, ಹೇಳು."

ಟೀಚರು ಬಾಯಿ ತೆರೆದರು. ಹೇಳಿಬಿಡುತ್ತಾರೆ ಅಂದುಕೊಂಡೆ. ಅಷ್ಟು ಸಂತೋಷ ಹೊಟ್ಟೆಯಲ್ಲಿ ಹಿಡಿಸುವಂಥದ್ದಲ್ಲ. ಆದರೆ ಅವರು ತುಟಿ ಕಚ್ಚಿ ಹಿಡಿದರು. ಮುಷ್ಟಿ ಬಿಗಿದರು. ಆಮೇಲೆ ನೀರಿಗೆ ಕೈಹಾಕಿ ಎರಡೂ ಕಿತ್ತಳೆಗಳನ್ನು ಎತ್ತಿದರು, ತೊಟ್ಟಿಕ್ಕುತ್ತಿದ್ದ ಹಣ್ಣುಗಳನ್ನು ತೆಗೆದುಕೊಂಡು ಹೋಗಿ ತಂದೆಯ ಬೆನ್ನ ಹಿಂದಿನಿಂದಲೇ ಅವರ ಎರಡು ಕೈಗೂ ಒಂದೊಂದನ್ನು ಇಟ್ಟರು.

"ಹೇಳಲ್ಲ ಅಪ್ಪ," ಅಂದರು. "ಇದು ನಿನಗೂ ಗೊತ್ತಿಲ್ಲ. ನೀನೇ ನೀರಿಗೆ ಬಿಡು, ನೀನೇ ನೋಡು. ಯಾರಿಗೆ ಗೊತ್ತಿಲ್ವೋ ಎಲ್ಲಾರೂ ನೋಡ್ರಿ."

ಹಾಗಂದು ಅವರು ಬಂದು ಹಸೆಮಣೆಯ ಹಿಂದಿನ ಗೋಡೆಗೆ ಮುಖ ಮಾಡಿ ನಿಂತರು. ಈಗ ಗೊತ್ತಿದ್ದವರು ನಾವು ತಾನೇ? ಶ್ರೀಕಂಠ ಅವರ ಪಕ್ಕದಲ್ಲಿ ಬಂದು ನಿಂತು, ಮಗುವಿನ ಕಣ್ಣನ್ನು ಅಂಗೈಯಿಂದ ಮುಚ್ಚಿದ. ಟೀಚರು ನನ್ನ ಹೆಗಲು ಹಿಡಿದು ನನ್ನನ್ನೂ ತಿರುಗಿಸಿ ತಮ್ಮ ಸೀರೆಗೆ ಒತ್ತಿಕೊಂಡರು. ನಮ್ಮ ಹಿಂದೆ ಸೀರೆಗಳ ಸರಪರ ಕೇಳಿಸಿತು, ಪಂಚೆಗಳು ಒಂದಕ್ಕೊಂದು ತಾಗಿದ್ದು ಕೇಳಿಸಿತು. ಅಷ್ಟು ವರ್ಷಗಳಿಂದ ಬೆನ್ನು ತಿರುಗಿಸುವುದನ್ನೇ ಕಲಿತಿದ್ದ ಊರು ತಡವರಿಸುತ್ತ ಇತ್ತ ತಿರುಗುತ್ತಿತ್ತು. ಮೇಷ್ಟ್ರ ಹೆಜ್ಜೆ ಕೊಳಗದ ಹತ್ತಿರ ಬಂದು ನಿಂತಿತು. ನೀರಿನಲ್ಲಿ ಪುಳಕ್ ಅಂತ ಒಂದು ಸದ್ದು, ಪುಳಕ್ ಅಂತ ಇನ್ನೊಂದು.

ಆಮೇಲೆ ಮೇಷ್ಟ್ರು "ಆ" ಅಂದರು. ಅವರ ಹಿಂದೆಯೇ ಜಾನಕಮ್ಮ, ಪುರೋಹಿತರು, ವಾಲಗದವರು, ನಮ್ಮಜ್ಜಿ, ಎಲ್ಲ ಒಟ್ಟಿಗೆ ಅಂದರು. ದೊಡ್ಡವರ ಗಂಟಲಿನಿಂದ ಆ ಸದ್ದು ಬಂದದ್ದನ್ನು ನಾನು ಅವತ್ತಿನ ತನಕ ಕೇಳಿರಲಿಲ್ಲ. ನನ್ನ ಹೆಗಲ ಮೇಲಿನ ಟೀಚರ ಕೈ ಬಿಗಿಯಾಯಿತು. ಗೋಡೆಗೆ ಹಣೆ ಆನಿಸಿಕೊಂಡು ಅವರು ಅಳುತ್ತಿದ್ದರು, ಅಳುತ್ತಲೇ ನಗುತ್ತಿದ್ದರು. ತಾಳಿ ಇನ್ನೂ ತಟ್ಟೆಯಲ್ಲೇ ಇತ್ತು. ಅದು ಯಾರಿಗೂ ನೆನಪಿರಲಿಲ್ಲ.